ಗುರುವಾರದ ಮನೆ

ಚಂದಮ್ಮನಿಗೆ ಒಂಬತ್ತು ವರ್ಷ. ತಂದೆ ಅವಳು ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ತಾಯಿ ಹೋಗಿ ಐದು ತಿಂಗಳಾಗಿತ್ತು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕಡಿಯುವ ಸೋದರಮಾವ ಕಾಶಪ್ಪನ ಮನೆಯಲ್ಲಿ ಅವಳ ಹೊಟ್ಟೆಗೆ ಕಡಿಮೆಯಿರಲಿಲ್ಲ. ಆದರೆ ಕಾಶಪ್ಪ ತಂಗಿ ಸತ್ತ ದುಃಖವನ್ನು ವ್ರತದಂತೆ ಹಿಡಿದಿದ್ದ. ವರ್ಷ ತುಂಬುವ ತನಕ ಆ ಮನೆಯಲ್ಲಿ ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುವಂತಿಲ್ಲ, ಹಬ್ಬ ಮಾಡುವಂತಿಲ್ಲ, ದನಿಯೆತ್ತಿ ನಗುವಂತಿಲ್ಲ. ಅವನ ಹೆಂಡತಿ ಹಣಮವ್ವ ಹುಡುಗಿಯ ತಲೆ ಬಾಚುವಾಗಲೂ ಮಾತಾಡುತ್ತಿರಲಿಲ್ಲ.

ನಗು ಇದ್ದದ್ದು ಎದುರು ಓಣಿಯ ಮಜೀದಸಾಬನ ಮನೆಯಲ್ಲಿ. ಅವನು ಟಿವಿ ತಂದಿದ್ದ. ಗುರುವಾರ ಸಂಜೆ ಅದರಲ್ಲಿ ಒಂದು ಹಿಂದಿ ನಗೆ ಧಾರಾವಾಹಿ ಬರುತ್ತಿತ್ತು. ಚಂದಮ್ಮ ಹೊರಗೆ ನಿಂತು ಕಿಟಕಿಯ ಸರಳು ಹಿಡಿದು ನೋಡುವಳು. ಓಣಿಯ ದಖನಿ ಉರ್ದು ಕೇಳಿ ಬೆಳೆದವಳಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ನಳ ದುರಸ್ತಿ ಮಾಡಲು ಹೋಗಿ ಮನೆ ತುಂಬ ನೀರು ಹರಿಸುವ ಅಜ್ಜ, ಲಟ್ಟಣಿಗೆ ಹಿಡಿದೇ ಬೈಯುವ ಸೊಸೆ, ಪ್ರತಿ ವಾರ ಫೇಲಾಗುವ ಮೊಮ್ಮಗ. ಅವರು ಏನಾದರೂ ಅಂದ ಕೂಡಲೇ ಕಣ್ಣಿಗೆ ಕಾಣದ ಜನ ಒಟ್ಟಿಗೆ ನಗುತ್ತಿದ್ದರು. ಅವರು ಆ ಮನೆಯ ಗೋಡೆಯಾಚೆ ಕುಳಿತ ಬಂಧುಬಳಗವೆಂದು ಚಂದಮ್ಮ ತಿಳಿದಳು. ಅಷ್ಟು ಜನರಲ್ಲಿ ಒಬ್ಬಳು ಹೆಚ್ಚಾದರೆ ಯಾರು ಕೇಳುತ್ತಾರೆ? ಅವಳೂ ಅವರ ಜೊತೆ ನಕ್ಕಳು. ಅಂದಿನಿಂದ ಟಿವಿಯೊಳಗಿನ ಆ ಮನೆ ಅವಳ ಮನೆಯಾಯಿತು.

ಮಜೀದಸಾಬನ ಮಗಳು ಲತೀಫಾ, ಆ ನಗೆಯೆಲ್ಲ ಮಶೀನಿನಿಂದ ತುಂಬಿದ್ದು ಎಂದು ಹಂಗಿಸಿದಳು.

"ಮಿಶನ್ನಿಗ ನಗಾಕ ಬರ್ತದೇನು? ಎಲ್ಲೋ ಯಾರೋ ನಕ್ಕಾರ, ಅದನ್ನ ತುಂಬ್ಯಾರ," ಎಂದಳು ಚಂದಮ್ಮ.

ತಾಯಿ ಸತ್ತು ವರ್ಷ ತುಂಬದ ಮಗು ಕಿಟಕಿಯಲ್ಲಿ ನಿಂತು ನಗುವುದನ್ನು ಓಣಿಯವರು ಆಡಿಕೊಂಡರು. ಮಾತು ಕಾಶಪ್ಪನ ಕಿವಿಗೆ ಬಿತ್ತು. ವರ್ಷ ಕಳೆಯುವ ತನಕ ಆ ಕಡೆ ಮುಖ ಹಾಕಬಾರದೆಂದು ಅವನು ಹೇಳಿದ. ಏಳು ತಿಂಗಳು. ಅಷ್ಟರಲ್ಲಿ ಧಾರಾವಾಹಿಯೇ ಮುಗಿದು, ಆ ಮನೆಯವರು ಎತ್ತ ಹೋಗುವರೋ. ತಾಯಿಯನ್ನು ಕಳೆದುಕೊಂಡವಳಿಗೆ ಇನ್ನೊಂದು ಮನೆ ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ಮುಂದಿನ ಗುರುವಾರ ಅವಳು ಕಿಟಕಿಗೆ ಹೋಗಲಿಲ್ಲ. ಮುಂಬಾಗಿಲಿನಿಂದಲೇ ಒಳಗೆ ಹೋಗಿ ಚಾಪೆಯ ನಟ್ಟನಡುವೆ ಕುಳಿತಳು. ಮಜೀದಸಾಬನ ಹೆಂಡತಿ ಹಸೀನಾಬೇಗಂ ಏನೂ ಕೇಳದೆ ಸರಿದು ಜಾಗ ಕೊಟ್ಟಳು. ಅರ್ಧ ಆಟವಾಗಿರಬೇಕು, ಬಾಗಿಲಲ್ಲಿ ಕಾಶಪ್ಪ ಬಂದು ನಿಂತ. ಮೈಮೇಲೆ ಕಲ್ಲಿನ ಧೂಳು ಹಾಗೇ ಇತ್ತು.

"ಏಳು, ನಡಿ ಮನಿಗೆ."

"ಇದು ಮುಗೀಲಿ, ಬರ್ತೀನಿ."

"ನಿಮ್ಮವ್ವ ಸತ್ತು ಆರು ತಿಂಗಳಾಗಿಲ್ಲ. ನಿನಗ ನಗು ಹ್ಯಾಂಗ ಬರ್ತದ?"

"ಅವ್ವ ಸತ್ತಾಳ, ಮಾಮಾ. ನಾ ಸತ್ತಿಲ್ಲ."

ಕುಳಿತವರೆಲ್ಲ ತಲೆ ತಗ್ಗಿಸಿದರು. ಹಸೀನಾಬೇಗಂ ಕಾಶಪ್ಪನಿಗೆ ಕೂಡಲು ಹೇಳಿದಳು. ಅವನು ಕೂಡಲಿಲ್ಲ, ಹೋಗಲೂ ಇಲ್ಲ. ಟಿವಿಯಲ್ಲಿ ಅಜ್ಜ ಏಣಿ ಹತ್ತಿ, ಇಳಿಯಲಾರದೆ, ಮೇಲೆಯೇ ಕುಳಿತು ಚಹಾ ಕೇಳಿದ. ಕಾಣದ ಜನ ನಕ್ಕರು. ಚಂದಮ್ಮ ಬೆನ್ನು ನೆಟ್ಟಗೆ ಮಾಡಿ ನಕ್ಕಳು. ಅವರೆಲ್ಲ ನಿಲ್ಲಿಸಿದ ಮೇಲೂ ಅವಳೊಬ್ಬಳ ನಗು ಕೋಣೆಯಲ್ಲಿ ಉಳಿಯಿತು. ದೇವರು ಕೊಟ್ಟ ಉಸಿರಿಗೆ ಯಾರ ಅಪ್ಪಣೆ ಬೇಕು?

ಮುಗಿಯುವ ತನಕ ಕಾಶಪ್ಪ ನಿಂತೇ ಇದ್ದ. ಇಬ್ಬರೂ ಓಣಿ ದಾಟಿದರು. ಮನೆಯ ಮೆಟ್ಟಿಲ ಹತ್ತಿರ ಅವನು ಕೇಳಿದ: "ಆ ಮುದುಕ ಏಣಿ ಯಾಕ ಹತ್ತಿದ್ದ?"

"ಯಾರು, ನಮ್ಮಜ್ಜನಾ?"

"ನಿಮ್ಮಜ್ಜ ಅಂದ್ರ ನಮ್ಮಪ್ಪ. ಸಾಬಣ್ಣ ಅಂತ ಅವನ ಹೆಸರು."

"ಅವನೂ ಇರ್ಲಿ, ಮಾಮಾ. ಇವನೂ ಇರ್ಲಿ. ಬರೋ ಗುರುವಾರ ನಾ ಮತ್ತ ಹೋಗ್ತೀನಿ."

ಕಾಶಪ್ಪ ಚಿಲಕದ ಮೇಲಿನ ಕೈ ತೆಗೆದು ಮೆಟ್ಟಿಲ ಮೇಲೆ ಕುಳಿತ.

"ಏಣಿ ಯಾಕ ಹತ್ತಿದ್ದ, ಅದನ್ನ ಹೇಳು," ಎಂದ.