ನಾಲ್ಕು ಬೆರಳು ಕೆಳಗಿಳಿದ ಕಟ್ಟು

ನಾನು ಕಸಿ ಕಟ್ಟಿದರೆ ಛತ್ರಿಯ ಹಿಡಿಯೂ ಚಿಗುರುತ್ತದೆ. ಒಮ್ಮೆ ತಮಾಷೆಗೆ ಮಾವಿನ ಕುಡಿಯೊಂದನ್ನು ಹಳೆಯ ಛತ್ರಿಗೆ ಕಟ್ಟಿ ಅಂಗಡಿಯ ಮೂಲೆಯಲ್ಲಿಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಹಣ್ಣು ಬಿಟ್ಟಿತ್ತು, ಒಂದನ್ನು ಅಳಿಲು ಆಗಲೇ ಅರ್ಧ ತಿಂದಿತ್ತು.

ಇದನ್ನು ಅಕ್ಕನ ಮುಂದೆ ಹೇಳಬಾರದಿತ್ತು. ಅವಳ ಹಿತ್ತಲಿನ ಮಾವಿನ ಮರ ಬೇರು ನುಗ್ಗಿಸಿ ಅಡುಗೆಮನೆಯ ಗೋಡೆ ಸೀಳಿತ್ತು. ಕಡಿಸಲೇಬೇಕೆಂದು ಭಾವ, ಅಂಥ ಹಣ್ಣು ಇನ್ನೆಲ್ಲೂ ಸಿಗದೆಂದು ಅಕ್ಕ. ಜಗಳವಾಡಿ ಸುಸ್ತಾಗಿ ಕೊನೆಗೆ ಒಪ್ಪಂದಕ್ಕೆ ಬಂದರು: ಆ ಮರದ ಕುಡಿಯಿಂದ ಒಂದಾದರೂ ಕಸಿ ಗಿಡ ಎದ್ದ ಮೇಲೆಯೇ ಮರಕ್ಕೆ ಗರಗಸ.

"ನಮ್ಮ ತಮ್ಮ ಇದಾನಲ್ಲ, ಛತ್ರಿಗೇ ಕಸಿ ಕಟ್ಟಿದ ಮಹಾನುಭಾವ," ಎಂದು ಅಕ್ಕ ಹನ್ನೆರಡು ಕುಡಿ ಕತ್ತರಿಸಿ ನನ್ನ ಕೈಗಿಟ್ಟಳು.

ಗೊರಟೆಯಿಂದ ಎದ್ದ ಹನ್ನೆರಡು ನಾಟಿ ಸಸಿ ತಂದೆ. ಮಾರಿದ ನರ್ಸರಿಯಮ್ಮ ಬಿಡದೆ ಪಾಠ ಹೇಳಿದಳು: "ಸಸಿ ತಲೆ ಕತ್ತರಿಸಿ ಸೀಳಿ. ಕುಡೀನ ಬೆಣೆ ತರ ಚೂಪು ಮಾಡಿ ಒಳಗಿಳಿಸಿ. ತೊಗಟೆ ಅಡಿ ಹಸಿರು ಪದರ ಇರುತ್ತಲ್ಲ, ಎರಡರದ್ದೂ ಒಂದಕ್ಕೊಂದು ತಾಗ್ಲೇಬೇಕು."

"ಅಮ್ಮಾ, ನಾನು ಟೈಲರ್. ಜೋಡಿಸೋದು ನನಗೆ ಹೇಳ್ಕೊಡ್ತೀರಾ?"

ಹೊಲಿಗೆಯ ಜಾಗ ದಪ್ಪವಾದರೆ ಒಳಗಿನ ಬಟ್ಟೆ ಕತ್ತರಿಸಿ ತೆಳ್ಳಗೆ ಮಾಡುವುದು ನಮ್ಮ ಕಸುಬು. ಜೋಡಣೆ ಉಬ್ಬಿ ಅಸಹ್ಯ ಕಾಣಬಾರದೆಂದು ಎರಡೂ ಕಡೆಯ ತೊಗಟೆಯನ್ನು ಹಸಿರು ಸಮೇತ ನೀಟಾಗಿ ಹೆರೆದು ಎಸೆದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ಅಂಥ ಚೆಂದದ ಕಸಿ ಭೂಮಿಯ ಮೇಲೆ ಯಾರೂ ಕಟ್ಟಿರಲಿಲ್ಲ.

ಹತ್ತೇ ದಿನಕ್ಕೆ ಹನ್ನೆರಡೂ ಕುಡಿ ಇದ್ದಿಲಿನಂತೆ ಕಪ್ಪಾದವು. ನೀರು ಹಾಕಿದೆ, ನೆರಳಿಗೆಳೆದೆ, ಬೈದೆ, ಕೈಮುಗಿದೆ. ಇಷ್ಟು ಗೋಗರೆದಿದ್ದರೆ ಕಬ್ಬಿಣದ ಇಸ್ತ್ರಿಪೆಟ್ಟಿಗೆಯೂ ಎಲೆ ಬಿಡುತ್ತಿತ್ತು! ದಿನಾ ಬೆಳಿಗ್ಗೆ ಭಾವನ ಫೋನು ಬೇರೆ.

"ಏನಪ್ಪಾ, ಮೊದಲು ಗಿಡ ಏಳುತ್ತೋ, ನನ್ನ ಗೋಡೆ ಬೀಳುತ್ತೋ?"

ನಾಲ್ಕನೇ ವಾರ ಒಂದು ಸಸಿ ಚಿಗುರಿತು. ಚಿಗುರಿದ್ದು ಕಟ್ಟಿನ ಕೆಳಗೆ. ಅಂದರೆ ಅದು ನಾಟಿ ಸಸಿಯದೇ ಚಿಗುರು, ಅಕ್ಕನ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಅಷ್ಟರಲ್ಲಿ ಮತ್ತೆ ಫೋನು ಬಡಿದುಕೊಂಡಿತು.

"ಎದ್ದಿದೆ ಭಾವ! ಹನ್ನೆರಡಕ್ಕೆ ಹನ್ನೆರಡೂ!" ಎಂದುಬಿಟ್ಟೆ.

ಫೋನಿಟ್ಟವನೇ ಆ ಸಸಿಯ ಸತ್ತ ಕುಡಿಯನ್ನು ಬುಡಕ್ಕೆ ಚಿವುಟಿ, ಪಟ್ಟಿ ಬಿಚ್ಚಿ, ನಾಲ್ಕು ಬೆರಳು ಕೆಳಗೆ, ಚಿಗುರಿನ ಅಡಿಗೆ ಕಟ್ಟಿದೆ. ಉಡುಪು ಆಲ್ಟರ್ ಮಾಡುವವನಿಗೆ ಗಿಡ ಯಾವ ಲೆಕ್ಕ?

ಮರುದಿನ ಆ ಒಂದೇ ಕುಂಡ ಹೊತ್ತು ಅಕ್ಕನ ಮನೆಗೆ ಹೋದರೆ, ಹಿತ್ತಲಲ್ಲಿ ಮರ ಕಡಿಯುವವನು ಆಗಲೇ ಕೊಂಬೆಗೆ ಹಗ್ಗ ಬಿಗಿಯುತ್ತಿದ್ದ, ಭಾವ ಪಕ್ಕದಲ್ಲೇ ನಿಂತಿದ್ದರು.

"ಉಳಿದ ಹನ್ನೊಂದೆಲ್ಲೋ?" ಎಂದಳು ಅಕ್ಕ.

"ಎತ್ತರ ಬೆಳೆದುಬಿಟ್ಟಿವೆ. ಬಾಗಿಲಲ್ಲಿ ಹಿಡೀಲಿಲ್ಲ."

ಅವಳು ನಗಲಿಲ್ಲ. ಪಟ್ಟಿ ಬಿಚ್ಚಿ ಕಾಂಡ ಸವರಿದಳು. ತೊಗಟೆ ನುಣ್ಣಗಿತ್ತು.

"ಕೊಯ್ದ ಗಾಯ ಕಾಣ್ತಾ ಇಲ್ವಲ್ಲೋ?"

"ನಾನು ಕಟ್ಟಿದ್ರೆ ಗುರುತೇ ಉಳಿಯಲ್ಲ ಅಕ್ಕಾ."

ಅವಳ ಬೆರಳು ಮೇಲೇರಿತು. ಚಿಗುರು ದಾಟಿ, ಸೀಳಿನಲ್ಲಿ ಸಿಕ್ಕಿದ್ದ ಕಪ್ಪು ಚೂರಿನ ಮೇಲೆ ನಿಂತಿತು. ಅದನ್ನು ಉಗುರಿನಿಂದ ಎತ್ತಿ ಅಂಗೈಯಲ್ಲಿ ಹಿಡಿದಳು.

"ಇದು ನಾನು ಕೊಟ್ಟ ಕುಡಿ ತಾನೇ? ಹಾಗಾದ್ರೆ ಚಿಗುರಿದ್ದು ಯಾವುದು?"

ಹಿತ್ತಲಲ್ಲಿ ಗರಗಸದ ಮಷೀನು ಗುರ್ ಎಂದಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಲು ನಾಲಿಗೆಯ ತುದಿಯಲ್ಲಿ ಇನ್ನೂ ನಾಲ್ಕು ಸುಳ್ಳಿದ್ದವು. ಒಂದಕ್ಕೂ ಆ ಸದ್ದು ಬಿಡುವು ಕೊಡಲಿಲ್ಲ.

"ನಿಲ್ಸಿ ಭಾವ, ಮಷೀನ್ ನಿಲ್ಸಿ!" ಎಂದು ಕಿರುಚಿದೆ. "ಒಂದೂ ಹತ್ತಲಿಲ್ಲ ಅಕ್ಕಾ. ಹನ್ನೆರಡೂ ಸತ್ತವು. ಇದು ನಾಟಿ ಚಿಗುರು, ಕಟ್ಟು ಕೆಳಗಿಳಿಸಿದ್ದು ನಾನೇ. ನನಗೆ ಕಸಿ ಕಟ್ಟೋಕೆ ಬರಲ್ಲ, ಯಾವತ್ತೂ ಕಟ್ಟಿರಲಿಲ್ಲ."