ಪರಿಶೀಲಿಸಿದವರು

ಹನ್ನೊಂದು ದಿನ ಮೊದಲು ಹುಟ್ಟಿದ ತಪ್ಪಿಗೆ ಅವಳು ಮನೆಯಲ್ಲಿ ದೊಡ್ಡೋಳಾದಳು. ಹನ್ನೊಂದು ದಿನ ತಡವಾಗಿ ಬಂದ ಚಿಕ್ಕಪ್ಪನ ಮಗಳು ಚಿಕ್ಕೋಳು. ಒಂದೇ ಮನೆ, ಒಂದೇ ಶಾಲೆ, ಈಗ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲೂ ಒಂದೇ ಬೆಂಚು. ಬೆಳಿಗ್ಗೆ ಎದ್ದು ಕಸ ಗುಡಿಸುವುದು ದೊಡ್ಡೋಳ ಪಾಲಿಗೆ. ಮಲಗಿದಲ್ಲೇ ಇರುವ ಅಜ್ಜಿಯ ಪಕ್ಕ ಕೂತು, ಕಾಲೇಜಿನ ಸುದ್ದಿಗೆ ಉಪ್ಪು ಖಾರ ಹಚ್ಚಿ ನಗಿಸುವುದು ಚಿಕ್ಕೋಳ ಪಾಲಿಗೆ. ಈ ಹಂಚಿಕೆ ಮಾಡಿದವರು ಯಾರೋ ಗೊತ್ತಿಲ್ಲ. ಸಿಕ್ಕಿದ್ದರೆ ದೊಡ್ಡೋಳು ಅವರನ್ನು ನಾಲ್ಕು ಮಾತು ಕೇಳದೆ ಬಿಡುತ್ತಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೂ ಇಬ್ಬರದೇ ತಂಡ. ವಿಷಯ ಹೊಳೆದದ್ದು ದೊಡ್ಡೋಳಿಗೆ. ಅಜ್ಜಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷ. ಮಂಚದಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸಲು ಹೋಗಿ ಅಮ್ಮನ ಬೆನ್ನು ಹಿಡಿದುಕೊಂಡ ಮೇಲೆ ಆ ಕುರ್ಚಿ ಮೂಲೆ ಸೇರಿತ್ತು. ಹಿಡಿಕೆ ತಿರುಗಿಸಿದರೆ ಮನುಷ್ಯರನ್ನು ಬಟ್ಟೆಯ ಜೋಲಿಯಲ್ಲಿ ಮೆಲ್ಲಗೆ ಎತ್ತಿ ಕುರ್ಚಿಗಿಳಿಸುವ ಯಂತ್ರವೊಂದನ್ನು ಮಾಡಿದರೆ? ಅದರ ಕಬ್ಬಿಣದ ಪಾದಗಳು ಮಂಚದ ಕೆಳಗೆ ತೂರಿಕೊಳ್ಳಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಯಂತ್ರವೇ ಮುಗ್ಗರಿಸುತ್ತದೆ. ಬೇಕುಬೇಡಗಳ ಪಟ್ಟಿಯನ್ನು ಅವಳೇ ಬರೆದಳು. ಮೊದಲ ಸಾಲು: ಮನೆಯಲ್ಲಿರುವ ಮಂಚಕ್ಕೇ ಹೊಂದಬೇಕು, ಮಂಚವನ್ನು ಮುಟ್ಟುವಂತಿಲ್ಲ.

ಪ್ರಾಜೆಕ್ಟ್ ಮೇಷ್ಟ್ರು ಪಟ್ಟಿ ಓದಿ, "ಅಕ್ಷರ ಚೆನ್ನಾಗಿದೆ," ಎಂದರು. ಆಮೇಲೆ ಚಿಕ್ಕೋಳು ಬಸ್ಸಿನಲ್ಲಿ ಕೂತು ಗೀಚಿದ್ದ ಯಂತ್ರದ ತೋಳಿನ ಚಿತ್ರ ನೋಡಿ ಕುರ್ಚಿಯಿಂದಲೇ ಎದ್ದರು. "ತಲೆ ಅಂದ್ರೆ ಇದು ನೋಡಿ!"

ಒಬ್ಬಳಿಗೆ ತಲೆ, ಇನ್ನೊಬ್ಬಳಿಗೆ ಅಕ್ಷರ. ದೊಡ್ಡೋಳು ನಕ್ಕು, ತನ್ನ ಪಟ್ಟಿಯನ್ನು ಮಡಿಸಿ ಚೀಲಕ್ಕೆ ತುರುಕಿದಳು.

ಅವಳಿಗೂ ಒಂದು ಹೆಮ್ಮೆ ಇಲ್ಲದಿರಲಿಲ್ಲ. ಅವಳು ಅಳೆದದ್ದನ್ನು ಯಾರೂ ಮತ್ತೆ ಅಳೆಯುತ್ತಿರಲಿಲ್ಲ. ಮನೆಗೆ ಪರದೆ ಹೊಲಿಸುವುದಿರಲಿ, ಕಾಲೇಜಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಕತ್ತರಿಸುವುದಿರಲಿ, "ದೊಡ್ಡೋಳು ಹೇಳಿದಳಾ? ಹಾಗಾದ್ರೆ ಸರಿ" ಎನ್ನುವುದು ರೂಢಿಯಾಗಿತ್ತು. ಅದಕ್ಕೇ ಚಿಕ್ಕೋಳು ಬರೆದ ಪ್ರತಿ ನಕ್ಷೆಯೂ ಅವಳ ಮುಂದೆ ಬರುತ್ತಿತ್ತು. ನಕ್ಷೆಯ ಬಲಮೂಲೆಯಲ್ಲಿ ಎರಡು ಚೌಕ, ಒಂದು "ರಚಿಸಿದವರು", ಇನ್ನೊಂದು "ಪರಿಶೀಲಿಸಿದವರು". ಎರಡನೆಯದರಲ್ಲಿ ಸಹಿ ಬೀಳದ ನಕ್ಷೆಯನ್ನು ವರ್ಕ್‌ಶಾಪಿನ ಮೇಸ್ತ್ರಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅವತ್ತು ಮೇಷ್ಟ್ರು ಇಬ್ಬರನ್ನೂ ಕರೆದು, ಕೊನೆಯ ದಿನ ಪರೀಕ್ಷಕರ ಮುಂದೆ ಚಿಕ್ಕೋಳು ಮಾತಾಡಲಿ ಎಂದರು. "ನೀವು ಪಕ್ಕದಲ್ಲಿ ನಿಂತು ಹಿಡಿಕೆ ತಿರುಗಿಸಿ," ಎಂದು ದೊಡ್ಡೋಳಿಗೂ ಒಂದು ಕೆಲಸ ಹಚ್ಚಿದರು. ಅಜ್ಜಿ ಅವಳ ಅಜ್ಜಿಯೂ ಹೌದು, ಯೋಚನೆ ಅವಳದು, ಬೆನ್ನು ನೋಯಿಸಿಕೊಂಡವಳು ಅವಳ ಅಮ್ಮ. ಅವಳು ಹಿಡಿಕೆ ತಿರುಗಿಸಬೇಕಂತೆ!

ಆ ಸಂಜೆಯೇ ಪಾದಗಳ ನಕ್ಷೆ ಅವಳ ಕೈಗೆ ಬಂತು. ನೆಲದಿಂದ ಪಾದದ ಎತ್ತರ, ಗಾಲಿಯೂ ಸೇರಿ, ಹನ್ನೊಂದು ಸೆಂಟಿಮೀಟರ್. ಚಿಕ್ಕೋಳು ಹೊದಿಕೆಯ ಮೇಲಿಂದಲೇ ಮಂಚದ ಹಲಗೆಯವರೆಗೆ ಅಳೆದು, ಬೇಕಾದಷ್ಟು ಜಾಗವಿದೆ ಎಂದುಕೊಂಡಿದ್ದಳು. ಹೊದಿಕೆ ನೆಲದವರೆಗೂ ಇಳಿಬಿದ್ದಿರುವ ಮಂಚ ಅದು. ಕಾಲುಗಳು ಅಲುಗಾಡುತ್ತವೆಂದು ಅಪ್ಪ ಸುತ್ತಲೂ ಕೆಳಗಡೆ ಕಬ್ಬಿಣದ ಸರಳು ಬೆಸೆಸಿದ್ದರು. ಅದು ನೆಲದಿಂದ ಒಂಬತ್ತೇ ಸೆಂಟಿಮೀಟರ್. ಹೊದಿಕೆ ಎತ್ತಿ ನೋಡದವರಿಗೆ ಕಾಣದು. ದಿನಾ ಪೊರಕೆ ತೂರಿಸುವವಳಿಗೆ ಮಾತ್ರ ಕೈಗೇ ಗೊತ್ತು.

ಮಾತು ನಾಲಿಗೆಯ ತುದಿಯವರೆಗೆ ಬಂತು. "ತಲೆ" ಎದುರಿಗೇ ಕೂತು ಕಾಲು ಕುಣಿಸುತ್ತಾ ಕಡಲೆಕಾಯಿ ತಿನ್ನುತ್ತಿತ್ತು. "ಬೇಗ ನೋಡೇ, ಮೇಸ್ತ್ರಿ ಐದಕ್ಕೆ ಹೊರಟುಬಿಡ್ತಾರೆ."

ಮೇಷ್ಟ್ರ ಎದುರಿಗೇ ಸಿಕ್ಕಿಹಾಕಿಕೊಳ್ಳಲಿ, ಎಂದುಕೊಂಡಳು ದೊಡ್ಡೋಳು. ಒಂದೇ ಒಂದು ಸಲ. ಸಹಿ ಹಾಕಿದಳು.

ಮೂರು ವಾರ ಮೇಸ್ತ್ರಿ ಕಬ್ಬಿಣ ಕತ್ತರಿಸಿದರು, ಬೆಸೆದರು, ಉಜ್ಜಿದರು. ಆ ಮೂರು ವಾರವೂ ಅವಳು ಬಾಯಿಗೆ ಬೀಗ ಹಾಕಿಕೊಂಡೇ ಇದ್ದಳು. ಮೊದಲ ವಾರ ಅದೊಂಥರಾ ಹಾಯೆನಿಸಿತು. ಎರಡನೆಯ ವಾರ ಮೇಷ್ಟ್ರು, "ಮೊದಲ ಪ್ರಯೋಗ ನಿಮ್ಮ ಮನೇಲೇ ಆಗ್ಲಿ," ಎಂದಾಗ ಸ್ವಲ್ಪ ಕಸಿವಿಸಿಯಾಯಿತು. ಮೂರನೆಯ ವಾರ ಅಜ್ಜಿ ಬಾಗಿಲ ಬಳಿ ತನ್ನ ಕುರ್ಚಿ ಎಲ್ಲಿರಬೇಕೆಂದು ಅಮ್ಮನ ಜೊತೆ ಜಗಳ ಶುರುಮಾಡಿದಾಗ, ಅವಳು ಊಟದ ತಟ್ಟೆ ಬಿಟ್ಟು ಎದ್ದಳು. ಈಗ ಹೇಳಿದರೆ ಸಹಿ ಯಾಕೆ ಹಾಕಿದೆ ಎಂದು ಕೇಳುತ್ತಾರೆ. ಹೇಳಲಿಲ್ಲ.

ಪ್ರಯೋಗದ ದಿನ ಅಜ್ಜಿ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಇಸ್ತ್ರಿ ಬಟ್ಟೆ ಹಾಕಿಸಿಕೊಂಡು ತಯಾರಾಗಿತ್ತು. ಚಪ್ಪಲಿ ಬೇರೆ ಬೇಕಂತೆ.

"ನಡೆಯೋಕಿಲ್ವಲ್ಲಜ್ಜಿ, ಚಪ್ಪಲಿ ಯಾಕೆ?" ಎಂದಳು ಚಿಕ್ಕೋಳು.

"ಬೀದಿಯೋರು ನೋಡ್ತಾರೆ ಕಣೇ. ಎರಡು ವರ್ಷ ಆದ್ಮೇಲೆ ಬರಿಗಾಲಲ್ಲಿ ಹೋಗ್ಲಾ?"

ಮೇಷ್ಟ್ರು, ಮೇಸ್ತ್ರಿ, ಅಮ್ಮ, ಚಿಕ್ಕಮ್ಮ ಎಲ್ಲರೂ ಕೋಣೆಯಲ್ಲಿ ಕಿಕ್ಕಿರಿದಿದ್ದರು. ಚಿಕ್ಕೋಳು ಯಂತ್ರವನ್ನು ತಳ್ಳಿದಳು. ಠಣ್. ಇನ್ನೊಮ್ಮೆ ತಳ್ಳಿದಳು. ಠಣ್. ಹೊದಿಕೆ ಎತ್ತಿ ನೋಡಿದಳು. ಪಾದಗಳು ಸರಳಿಗೆ ತಾಗಿ ನಿಂತಿದ್ದವು.

"ಮಂಚದ ಕಾಲಿಗೆ ಇಟ್ಟಿಗೆ ಕೊಟ್ರೆ?" ಎಂದರು ಮೇಸ್ತ್ರಿ.

"ಅಜ್ಜಿ ಮೇಲಿರುವಾಗ ಬೇಡ. ಮಂಚ ಮುಟ್ಟಬಾರದು ಅಂತ ಇವರೇ ಬರೆದಿದ್ದಾರೆ," ಎಂದ ಮೇಷ್ಟ್ರು ನಕ್ಷೆಯ ಸುರುಳಿ ಬಿಚ್ಚಿದರು. "ಯಾರದು ಇದು?"

"ನಂದೇ ಸರ್," ಎಂದಳು ಚಿಕ್ಕೋಳು. "ನಾನು ಹೊದಿಕೆ ಎತ್ತಿ ನೋಡ್ಲಿಲ್ಲ. ದೊಡ್ಡೋಳು ನೋಡಿ ಸಹಿ ಹಾಕಿದ್ಲಲ್ಲ, ಸರಿ ಇರುತ್ತೆ ಅಂತ ಮತ್ತೆ ಅಳೀಲಿಲ್ಲ. ತಪ್ಪು ನಂದು."

ಮೂರು ವಾರದಿಂದ ದೊಡ್ಡೋಳು ಕಾದಿದ್ದ ಗಳಿಗೆ ಇದೇ. ಬಂದೂ ಬಂತು. ಅವಳಿಗೆ ಸಂತೋಷವೇ ಆಗಲಿಲ್ಲ.

ಅಷ್ಟರಲ್ಲಿ ಅಜ್ಜಿ ದಿಂಬಿನಿಂದ ತಲೆ ತಿರುಗಿಸಿತು. "ಅಲ್ಲಾ ದೊಡ್ಡೋಳೇ, ದಿನಾ ಆ ಸರಳಿಗೆ ಪೊರಕೆ ಬಡಿದು ನನ್ನ ಎಬ್ಬಿಸೋಳು ನೀನೇ ಅಲ್ವೇನೇ? ಮರೆತುಹೋಯ್ತಾ ಮಗಾ?"

ಮರೆತೆ ಎಂದರೆ ಮುಗಿಯುತ್ತಿತ್ತು. ಅಜ್ಜಿಯೇ ದಾರಿ ತೋರಿಸಿಕೊಟ್ಟಿತ್ತು. ಆದರೆ ಹೊದಿಕೆಯ ಆಚೆ ಚಾಚಿಕೊಂಡಿದ್ದ ಆ ಎರಡು ಚಪ್ಪಲಿಗಳು ಅವಳ ಕಣ್ಣಿಗೆ ಬಿದ್ದವು.

"ಇಲ್ಲಜ್ಜಿ," ಎಂದಳು. "ಗೊತ್ತಿತ್ತು."

ಯಾರೂ ಬೈಯಲಿಲ್ಲ. ಮೇಷ್ಟ್ರು ಪೆನ್ನು ತೆಗೆದು ಎರಡನೆಯ ಚೌಕದಲ್ಲಿದ್ದ ಸಹಿಯ ಮೇಲೆ ಗೆರೆ ಎಳೆದು, ಪಾದ ಹೊಸದಾಗಿ ಮಾಡಲು ಹತ್ತು ದಿನ ಕೊಟ್ಟು ಹೋದರು. ಅಮ್ಮ ಅಜ್ಜಿಯ ಚಪ್ಪಲಿ ಬಿಚ್ಚಿದಳು.

ಮರುದಿನ ಬೆಳಿಗ್ಗೆ ದೊಡ್ಡೋಳು ಟೇಪು ಹಿಡಿದು, ಮಂಚದ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದಳು. ಚಿಕ್ಕೋಳು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತಳು.

"ಒಂಬತ್ತು," ಎಂದಳು ದೊಡ್ಡೋಳು.

ಪೆನ್ನು ಓಡಿದ ಸದ್ದು ಕೇಳಲಿಲ್ಲ.

"ಸ್ವಲ್ಪ ಆಚೆ ಸರಿ," ಎಂದಳು ಚಿಕ್ಕೋಳು. ಪುಸ್ತಕ ಕೆಳಗಿಟ್ಟು ತಾನೂ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಅವಳ ಕೈಯಿಂದ ಟೇಪು ತೆಗೆದುಕೊಂಡು ಅದೇ ಜಾಗವನ್ನು ಅಳೆದಳು. ಒಂಬತ್ತೇ ಬಂತು. ಆಮೇಲೆ ಬರೆದುಕೊಂಡಳು.