ರೊಟ್ಟಿಯವ್ವನ ಯಂತ್ರದೊಳಗಿನ ರಿಲೇ

ಪುಣೆ ಹತ್ತಿರದ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಸ್ನೇಹಲ್ ಹನ್ನೊಂದು ವರ್ಷದಿಂದ ರಿಲೇ ಎಂಬ ವಿದ್ಯುತ್ ಸ್ವಿಚ್‌ಗಳ ಕಾಯಿಲ್‌ಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ರಿಲೇ ಹೇಗೆ ಕೆಲಸ ಮಾಡುತ್ತದೆ ಎಂದು ಅಲ್ಲಿ ಕೇಳಿ ತಿಳಿದಿದ್ದಳು, ಆದರೆ ಅದು ಒಂದು ಯಂತ್ರದೊಳಗೆ ಕೂತು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಬಸವಣ್ಣೆವ್ವ ಕರೆದಳು. ಜೋಳದ ರೊಟ್ಟಿ ಮಾಡಿ ಮಾರುವ ಅವಳ ಹಿಟ್ಟು ನಾದುವ ಯಂತ್ರ ನಿಂತುಹೋಗಿತ್ತು.

"ಮೋಟಾರ್ ಸುಟ್ಟದ, ಹೊಸಾದು ಹಾಕ್ಬೇಕು ಅಂತ ರಿಪೇರಿಯವ ಹೇಳಿ ಹೋದ. ನೀ ಒಂದ್ಸಲ ನೋಡವ್ವ."

ಸ್ನೇಹಲ್ ಹಸಿರು ಗುಂಡಿ ಒತ್ತಿದಳು. ಒಳಗೆ ಟಕ್ ಎಂದಿತು, ಮೋಟಾರ್ ಮಾತ್ರ ಅಲುಗಲಿಲ್ಲ. ಅವಳು ಪ್ಲಗ್ ಕಿತ್ತು, ಗುಂಡಿಯ ಹಿಂದಿನ ಡಬ್ಬಿ ಬಿಚ್ಚಿ, ಒಳಗಿದ್ದ ರಿಲೇ ತೋರಿಸಿದಳು.

"ನೋಡ್ರಿ ಕಾಕು, ಗುಂಡಿ ಒತ್ತಿದ್ರ ಈ ಕಾಯಿಲ್‌ಗೆ ಸ್ವಲ್ಪ ಕರೆಂಟ್ ಬರ್ತದ. ಅದು ಅಯಸ್ಕಾಂತ ಆಗಿ ಈ ಕಬ್ಬಿಣದ ಪಟ್ಟಿ ಎಳೀತದ. ಆಗ ಈ ಎರಡು ಪಾಯಿಂಟ್ ಕೂಡಿ ಮೋಟಾರಿಗೆ ಕರೆಂಟ್ ಹೋಗ್ಬೇಕು. ಪಾಯಿಂಟ್ ಸುಟ್ಟು ಕರ್ರಗ ಆಗ್ಯಾವ, ಅದಕ್ಕ ಮುಂದ ಹೋಗವಲ್ದು."

"ಹಂಗಾದ್ರ ಮೋಟಾರ್?"

"ಚಲೋ ಇರ್ಬೇಕ್ರಿ."

ಅಂಗಡಿಯಿಂದ ಅಂಥದ್ದೇ ರಿಲೇ ತಂದು ಕೂಡಿಸಿದಳು. ಪ್ಲಗ್ ಹಾಕಿ ಗುಂಡಿ ಒತ್ತಿದಳು. ಮೋಟಾರ್ ಗುಂಯ್ ಎಂದು ತಿರುಗಿತು. ಬಸವಣ್ಣೆವ್ವ ಅವಳ ಕೆನ್ನೆ ಸವರಿ, "ಇಷ್ಟೆಲ್ಲಾ ಗೊತ್ತಿದ್ದೂ ಬರೇ ತಂತಿ ಸುತ್ಕೋತ ಕುಂತೀಯಲ್ಲ!" ಎಂದಳು.

ಆ ಮಾತು ಸ್ನೇಹಲ್‌ಳನ್ನು ಬಿಡಲಿಲ್ಲ. ಸೋಮವಾರ ಕೆಲಸ ಶುರುವಾಗುವ ಮೊದಲೇ ಸೂಪರ್‌ವೈಸರ್ ಹತ್ತಿರ ಹೋಗಿ, ದುರಸ್ತಿ ವಿಭಾಗದ ತರಬೇತಿಗೆ ತನ್ನ ಹೆಸರು ಬರೆಸಿದಳು.